ಎಡಕ್ಕೆ ಸುತ್ತಿದ ತಂತಿ

೨೦೦೩ರ ಒಂದು ಮಧ್ಯಾಹ್ನ, ಪುಣೆಯ ಸಿಟಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಿಂದ ಕನ್ನಡ ಕೇಳಿಸಿತು. ನಡುವಯಸ್ಸಿನ ಹೆಂಗಸು ಮತ್ತು ತೊಡೆಯ ಮೇಲೆ ದೊಡ್ಡ ತಗಡಿನ ಡಬ್ಬಿ ಇಟ್ಟುಕೊಂಡ ಆಕೆಯ ಮೈದುನ.

“ವೈನಿ, ಮ್ಯೂಸಿಯಮ್ಮಿನವರು ಕೇಳಿದ್ರ ಹೌದು ಅನ್ರಿ, ಸಾಕು. ಕಣ್ಣಿಲ್ಲದವರಿಗೆ ಓದಿ ಹೇಳೋ ಕಂಪ್ಯೂಟರ್, ಎಂಬತ್ತಾರರಾಗ ಹೊಳಬಸಪ್ಪಣ್ಣ ಮಾಡಿದ್ದು ಇದಽ ಅಂತ.”

“ನಿನ್ನೆ ಮುಚ್ಚಳ ತಗದು ನೋಡೀನಿ, ಸಿದ್ದಾರೂಢ. ನಿಮ್ಮಣ್ಣ ಎಡಚರು. ಪಿನ್ನಿಗೆ ತಂತಿ ಎಡಕ್ಕ ಸುತ್ತತಿದ್ರು. ಇದರಾಗ ಎಲ್ಲಾ ಬಲಕ್ಕ ಸುತ್ತ್ಯಾವ.”

ಅವನು ಕಿಟಕಿಯ ಕಡೆ ತಿರುಗಿದ.

“ಹೊರಗಿನ ಡಬ್ಬಿ ಅವರದಽ ಅದ.”

“ಒಳಗಿಂದು?”

“ಅಣ್ಣ ತೀರಿಕೊಂಡ ಮ್ಯಾಲೆ ವರ್ಕ್‌ಶಾಪ್ ಖಾಲಿ ಮಾಡಬೇಕಾತು. ಒಳಗಿಂದೆಲ್ಲಾ ಗುಜರಿಯವಗ ಹಾಕಿದೆ. ಆಮ್ಯಾಲೆ ಮನಸ್ಸು ತಡೀಲಿಲ್ಲ. ನೆನಪು ಮಾಡಿಕೊಂಡು ನಾನಽ ಜೋಡಿಸಿದೆ.”

“ಮಾತಾಡ್ತದೇನು?”

“ಮಾತಾಡ್ತದ್ರಿ. ಥೇಟ್ ಅದರಂಗಽ.”

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀವು ಅಲ್ಲ ಅಂದ್ರ ಅಣ್ಣನ ಹೆಸರು ಎಲ್ಲೂ ಉಳಿಯೂದಿಲ್ಲ, ವೈನಿ.”

“ಅವರು ಮಾಡಿದ್ದನ್ನ ನೋಡಿ ಕಲತು ನೀ ಮಾಡಿದಿ ಅಂತ ಹೇಳೂಣು. ಅದರಾಗ ಅವರ ಹೆಸರೂ ಬರ್ತದ.”

“ಅವರು ಮಾಡಿದ್ದು ಎಲ್ಲೈತಿ ಅಂತ ಕೇಳಿದ್ರ?”

“ಅದನ್ನ ನೀನಽ ಹೇಳಬೇಕು.”

ಮ್ಯೂಸಿಯಮ್ಮಿನ ಸ್ಟಾಪಿನಲ್ಲಿ ಬಸ್ಸು ನಿಂತಿತು. ಆಕೆ ಹಿಂದಿರುಗಿ ನೋಡದೆ ಇಳಿದಳು. ಕಂಡಕ್ಟರ್ ಗಂಟೆ ಹೊಡೆಯುವವರೆಗೂ ಅವನು ಕೂತೇ ಇದ್ದ. ಆಮೇಲೆ ಡಬ್ಬಿ ಎತ್ತಿಕೊಂಡು, ಬಸ್ಸು ನಿಲ್ಲಿಸಲು ಮರಾಠಿಯಲ್ಲಿ “ಥಾಂಬಾ, ಥಾಂಬಾ” ಎಂದು ಕೂಗುತ್ತ ಬಾಗಿಲಿನತ್ತ ಓಡಿದ.