ಕೆಳಗಿಟ್ಟ ಕಾಫಿ ಬಟ್ಟಲು

ಮಾನ್ಯ ಅಧ್ಯಕ್ಷರಾದ ಆಸ್ಪತ್ರೆಯ ನಿರ್ದೇಶಕರೇ, ವೇದಿಕೆಯ ಮೇಲಿನ ವೈದ್ಯರೇ, ಇಂದು ನಿವೃತ್ತರಾಗುತ್ತಿರುವ ಸಿಸ್ಟರ್ ರುದೈನಾ ಅವರೇ, ಬಿಳಿ ಕೋಟಿನ ಹಾಗೂ ನೀಲಿ ಅಂಗಿಯ ಸಭಿಕರೇ,

ಮನೋರೋಗಿಗೂ ದಾದಿಗೂ ನಡುವಿನ ಅಡೆತಡೆಗಳ ಬಗ್ಗೆ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಈಗಷ್ಟೇ ಡಾಕ್ಟರು ಪರದೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು: ಕೆಲಸದ ಒತ್ತಡ, ಜನರ ಕೊರತೆ, ಭಯ, ಸಂಕೋಚ. ಎಲ್ಲ ಸರಿ. ಆದರೆ ನಾನು, ಅಬೂ ತಲಾಲ್, ಮಾದಬಾ ಪೇಟೆಯಲ್ಲಿ ನೀರಿನ ಟ್ಯಾಂಕು ಮಾರುವವನು. ಟ್ಯಾಂಕು ಸೋರುತ್ತಿದೆ ಎಂದರೆ ಹೊರಗೆ ನಿಂತು ವಿವರಿಸುವುದಿಲ್ಲ, ಒಳಗಿಳಿದು ನೋಡುತ್ತೇನೆ. ಈ ವಿಷಯದಲ್ಲೂ ನಾನು ಒಳಗಿಳಿದು ನೋಡಿದವನೇ. ಇಲ್ಲಿಯ ಗಂಡಸರ ವಾರ್ಡು, ಕಿಟಕಿ ಪಕ್ಕದ ಮಂಚ. ಗಾಳಿ ಬೆಳಕು ಚೆನ್ನಾಗಿದೆ. ಬೇಕಾದವರಿಗೆ ಶಿಫಾರಸು ಮಾಡುತ್ತೇನೆ.

ನಾನು ಇಲ್ಲಿಗೆ ಸೇರಿದ ವರ್ಷ ನಿದ್ದೆ ನನ್ನನ್ನು ಬಿಟ್ಟು ಹೋಯಿತು. ಬುದ್ಧಿ ಅದನ್ನು ಹುಡುಕಿಕೊಂಡು ಹೋಯಿತು. ಒಂದು ಬೆಳಿಗ್ಗೆ ನಾನು ಟ್ಯಾಂಕುಗಳನ್ನೆಲ್ಲ ಬೀದಿಗೆ ಉರುಳಿಸಿ, ಹೋಗುವವರು ಬರುವವರಿಗೆ ಪುಕ್ಕಟೆ ಹಂಚತೊಡಗಿದೆ. ಅಣ್ಣನ ತಲೆ ಕೆಟ್ಟಿದೆ ಎಂದು ನನ್ನ ತಮ್ಮ ಮುಫ್ಲಿಹ್ ಆ ಕ್ಷಣವೇ ತೀರ್ಮಾನಿಸಿದ. ನಾನು ಪುಕ್ಕಟೆ ಕೊಡುವುದನ್ನು ಕಂಡ ಯಾರು ತಾನೇ ಹಾಗೆ ತೀರ್ಮಾನಿಸುವುದಿಲ್ಲ? ನನ್ನನ್ನು ಇಲ್ಲಿ ಸೇರಿಸಿ, ಅಣ್ಣ ವ್ಯಾಪಾರಕ್ಕೆ ರಿಯಾದ್‌ಗೆ ಹೋಗಿದ್ದಾನೆ ಎಂದು ಊರಿಗೆಲ್ಲ ಹೇಳಿದ.

ನಾನು ಸ್ವಲ್ಪ ಸುಧಾರಿಸಿದ ಮೇಲೆ ನೋಡಲು ಬಂದವನು, ಹೊರಡುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದ: "ಶುಕ್ರವಾರ ನೂಫಳನ್ನ ಕೇಳೋಕೆ ಹುಡುಗನ ಕಡೆ ಹಿರಿಯರು ಬರ್ತಿದ್ದಾರೆ. ನಾನೇ ಎಲ್ಲಾ ನೋಡ್ಕೋತೀನಿ. ನೀನು ಆರಾಮಾಗಿ ಮಲಕ್ಕೋ ಅಣ್ಣಾ."

ನೂಫ್ ನನ್ನ ಮಗಳು. ನಮ್ಮಲ್ಲಿ ಹೆಣ್ಣು ಕೇಳಲು ಬಂದ ಹಿರಿಯರು ಕಾಫಿಯನ್ನು ಕುಡಿಯದೆ ಕೆಳಗಿಡುತ್ತಾರೆ. "ಕುಡಿಯಿರಿ, ನೀವು ಕೇಳಿದ್ದು ಆಯಿತು" ಎಂದು ಅಪ್ಪ ಹೇಳಬೇಕು. ಬದುಕಿರುವ ಅಪ್ಪನ ಬದಲು ಚಿಕ್ಕಪ್ಪ ಹೇಳುವುದೇ?

ಮರುದಿನ ಮಾತ್ರೆಯ ಹಿಂದೆ ಕಾಫಿ ಬಂತು. ನಾನು ಬಟ್ಟಲನ್ನು ತುಟಿಗೆ ತಾಗಿಸದೆ ಸಿಸ್ಟರ್ ರುದೈನಾ ಎದುರು ಕೆಳಗಿಟ್ಟೆ. ಸಭಿಕರೇ, ನಿಮ್ಮ ಮನೆಗೆ ಬಂದವನು ಹೀಗೆ ಮಾಡಿದರೆ ಏನರ್ಥ? ಅವನಿಗೇನೋ ಬೇಕಾಗಿದೆ, ನೀವು ಕೇಳುವವರೆಗೆ ಅವನು ಬಾಯಿ ಬಿಡುವುದಿಲ್ಲ. ನಮ್ಮ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ವಾರ್ಡಿನಲ್ಲಿ ಏನೆಂದರು? "ಕಾಫೀಲಿ ವಿಷ ಇದೆ ಅಂತ ಅನುಮಾನ ಇವ್ರಿಗೆ." ಮರುದಿನವೂ ಕೆಳಗಿಟ್ಟೆ. ಮಾತ್ರೆ ದಪ್ಪವಾಯಿತು. ಅದರ ಮರುದಿನವೂ ಇಟ್ಟೆ. ಮಾತ್ರೆಗೆ ಜೊತೆಗಾರ ಬಂದ. ಹೊರಗೆ ಮಾಡಿದರೆ ಮರ್ಯಾದೆ, ಒಳಗೆ ಮಾಡಿದರೆ ಲಕ್ಷಣ! ಡಾಕ್ಟರೇ, ಇದು ನಿಮ್ಮ ಪರದೆಯ ಮೇಲೆ ಇರಲಿಲ್ಲ.

ಕೊನೆಗೆ ಈ ರುದೈನಾ ಅವರಿಗೇ ರೇಗಿತು. ಸೊಂಟಕ್ಕೆ ಕೈಯಿಟ್ಟು ನಿಂತರು. "ರೀ ಅಬೂ ತಲಾಲ್, ನನಗೂ ಸಾಕಾಗಿದೆ. ನಿಮಗೇನು ಬೇಕೋ ಅದು ಆಯ್ತು ಅಂದ್ಕೊಳ್ಳಿ, ಕುಡೀರಿ ಮೊದ್ಲು!"

ಒಂದೇ ಗುಟುಕಿಗೆ ಕುಡಿದೆ. "ಶುಕ್ರವಾರ ನಾನು ಮನೇಲಿರ್ಬೇಕು ಸಿಸ್ಟರ್. ಮಗಳ ನಿಶ್ಚಯ. ನೀವು ಮಾತು ಕೊಟ್ಟಾಯ್ತು."

"ಅಯ್ಯೋ ದೇವ್ರೇ, ನಾನ್ಯಾವಾಗ ಕೊಟ್ಟೆ?" ಎಂದವರು ಖಾಲಿ ಬಟ್ಟಲನ್ನು ನೋಡಿದರು. ಅಲ್ಲೇ ಮಂಚದ ಮೇಲೆ ಕುಸಿದು ಕೂತರು. "ಇಷ್ಟು ದಿನ ಕೆಳಗಿಟ್ಟಿದ್ದು ಇದಕ್ಕಾ? ಬಾಯಿ ಬಿಟ್ಟು ಹೇಳಬಾರದಿತ್ತಾ?"

"ನೀವು ಕೇಳಬಾರದಿತ್ತಾ?"

ವಾರ್ಡಿನಲ್ಲಿ ಒಬ್ಬ ದಾದಿ ನನ್ನ ಪಕ್ಕ ಕೂತದ್ದು ಅದೇ ಮೊದಲು.

ಅವರು ಡಾಕ್ಟರ ಹತ್ತಿರ ಜಗಳವಾಡಿದರು, ಮುಫ್ಲಿಹ್‌ನ ಹತ್ತಿರ ಇನ್ನೂ ಜೋರಾಗಿ ಆಡಿದರು. ನನ್ನ ಜೊತೆ ಅವರೇ ಹೋಗುವುದಾದರೆ ಸರಿ ಎಂದು ಒಪ್ಪಿಗೆ ಸಿಕ್ಕಿತು. ಶುಕ್ರವಾರ ಕೈಚೀಲದಲ್ಲಿ ನನ್ನ ಮಾತ್ರೆ ಇಟ್ಟುಕೊಂಡು ಹೆಂಗಸರ ಕೋಣೆಯಲ್ಲಿ ಕೂತರು. ರಿಯಾದ್ ಕಡೆಯ ನೆಂಟರು ಎಂದು ನನ್ನ ಹೆಂಡತಿ ಎಲ್ಲರಿಗೂ ಪರಿಚಯಿಸಿದಳು.

ಹಿರಿಯರು ಬಟ್ಟಲು ಕೆಳಗಿಟ್ಟರು. ನಾನು ಬಾಯಿ ತೆರೆದೆ. ಆ ಮಾತ್ರೆಗಳ ಪ್ರಭಾವ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿದೆ! ಬಂದವರೆಲ್ಲ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಪಕ್ಕದಲ್ಲಿ ಮುಫ್ಲಿಹ್ ನನ್ನ ಬದಲು ತಾನೇ ಹೇಳಲು ಗಂಟಲು ಸರಿಮಾಡಿಕೊಂಡ. ಅಷ್ಟರಲ್ಲಿ ಹೆಂಗಸರ ಕೋಣೆಯ ಪರದೆಯ ಸಂದಿಯಿಂದ ಒಂದು ಲೋಟ ನೀರು ಬಂತು, ಹಿಂದೆಯೇ ಪಿಸುಮಾತು: "ಕುಡೀರಿ ಮೊದ್ಲು."

ಕುಡಿದೆ. "ಕುಡಿಯಿರಿ, ನಮ್ಮ ಹುಡುಗಿ ನಿಮ್ಮವಳು" ಎಂದೆ. ಎಷ್ಟು ಕಾಯಿಸಿದ, ಎಂಥ ಗಟ್ಟಿ ಮನುಷ್ಯ ಎಂದು ಬೀಗರು ಇಂದಿಗೂ ಹೇಳುತ್ತಾರೆ.

ಈಗ ವಾರ್ಡಿನಲ್ಲಿ ಹೊಸ ಪದ್ಧತಿ ಬಂದಿದೆಯಂತೆ. ಗಾಜಿನ ಆಚೆ ದಾದಿ, ಕಿಂಡಿಯಿಂದ ಕಾಫಿ. ಬಹಳ ಅಚ್ಚುಕಟ್ಟು. ಆದರೆ ಈಚೆಗೆ ನನ್ನ ನಿದ್ದೆ ಮತ್ತೆ ತೆಳ್ಳಗಾಗಿದೆ. ಹೆಂಡತಿ ಅಂಗಡಿಯ ಬೀಗದಕೈ ಬಚ್ಚಿಡುತ್ತಿದ್ದಾಳೆ. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾಳೆ. ಸಿಸ್ಟರ್ ಇಂದು ಮನೆಗೆ ಹೊರಟರು. ನಾಳೆ ನಾನು ಮತ್ತೆ ವಾರ್ಡಿಗೆ ಬಂದರೆ ಕಿಂಡಿಯ ಮುಂದೆ ಬಟ್ಟಲನ್ನು ಎಲ್ಲಿ ಇಡಲಿ? ಯಾರ ಎದುರಿಗೆ ಇಡಲಿ?

ನನ್ನನ್ನು ಕರೆದ ನಿಮಗೂ, ಕೊಟ್ಟ ಮಾತು ಉಳಿಸಿಕೊಂಡ ರುದೈನಾ ಅವರಿಗೂ ವಂದನೆಗಳು. ಅಧ್ಯಕ್ಷರೇ, ಭಾಷಣ ಶುರುವಾಗುವ ಮುಂಚೆ ನಿಮ್ಮವರು ನನಗೆ ತಂದುಕೊಟ್ಟ ಕಾಫಿಯನ್ನು ನಿಮ್ಮ ಎದುರೇ ಕೆಳಗಿಟ್ಟಿದ್ದೇನೆ. ಒಂದು ಗುಟುಕೂ ಕುಡಿದಿಲ್ಲ. ದಯವಿಟ್ಟು ಲಕ್ಷಣ ಎಂದು ಬರೆದುಕೊಳ್ಳಬೇಡಿ. ಏನು ಬೇಕೆಂದು ಕೇಳಿ. ಅಲ್ಲಿಯವರೆಗೆ ಕೂತಿರುತ್ತೇನೆ.

ನಮಸ್ಕಾರ.