ಕವರ್ ಮೂಲೆಯ ಕಚ್ಚುಗಳು

ಒಸಾಕಾದ ರೈಲಿನಲ್ಲಿ ಪಕ್ಕ ಕೂತಿದ್ದ ಇಬ್ಬರು ಡಿಜೆಗಳ ಮಾತು ಶಿಜುಯೊಳ ಕಿವಿಗೆ ಬಿತ್ತು. ಹಿರಿಯನ ತೊಡೆಯ ಮೇಲೆ ಗ್ರಾಮಫೋನ್ ರೆಕಾರ್ಡುಗಳ ಚೀಲವಿತ್ತು.

"ಹಿಸಾಯೋಶಿಯಣ್ಣ, ಕ್ಲಬ್ಬಲ್ಲಿ ರೆಕಾರ್ಡ್ ಪ್ಲೇಯರ್ ತೆಗೆದ್ರಂತೆ. ಇನ್ಮೇಲೆ ಸಿ.ಡಿ., ಪೆನ್‌ಡ್ರೈವ್ ಅಷ್ಟೇ."

"ಕೆಟ್ಟೆ ಕಣೋ ಟೊಮೊಕಿ!"

"ಯಾಕಣ್ಣ? ಹಾಡಿನ ಹೆಸರು ಪರದೆ ಮೇಲೇ ಬರುತ್ತೆ."

"ಬರುತ್ತೆ. ಓದೋರ್ಯಾರು? ಈ ಕವರ್‌ಗಳ ಮೂಲೆ ಮುಟ್ಟಿ ನೋಡು."

"ಇದಕ್ಕೆ ಮೂರು ಕಚ್ಚು, ಇದಕ್ಕೆ ಐದು. ಇಲಿ ಕಡೀತಾ?"

"ನಾನೇ ಬ್ಲೇಡಲ್ಲಿ ಕೊಯ್ದಿದ್ದು. ಎರಡು ವರ್ಷದಿಂದ ಬೆರಳಲ್ಲೇ ಹಾಡು ಹುಡುಕ್ತಿದೀನಿ. ಭಯ ಆಗ್ತಿದೆ ಕಣೋ, ಯಾರಿಗೂ ಹೇಳ್ಬೇಡ."

ನಂಬಾ ನಿಲ್ದಾಣ ಬಂತು. ಟೊಮೊಕಿ ಚೀಲವನ್ನು ತಾನೇ ಎತ್ತಿಕೊಂಡ.

"ಅಣ್ಣ, ನನ್ನ ಮುಖ ಕಾಣುತ್ತಾ?"

"ದನಿ ಗೊತ್ತಲ್ಲ, ಸಾಕು. ಮೆಟ್ಟಿಲು ಬಂದ್ರೆ ಮೊದಲೇ ಹೇಳು."

ಶಿಜುಯೊ ದಾರಿಗೆ ಚಾಚಿದ್ದ ಕಾಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.