ಒಳಗಿನ ಕುರ್ಚಿ

ಕಿಟಕಿ ಮುಚ್ಚು. ಹತ್ತಿರ ಬಾ... ಇದು ನಿನ್ನ ಗಂಡನ ಕಿವಿಗೂ ಬೀಳಕೂಡದು. ಗೋಡೆಯಾಚೆ ಅವಳಿದ್ದಾಳೆ.

ಅವಳೇ, ಫಿದೇಲಿಯಾ. ನಮ್ಮ ಕ್ವೆಂಕಾದ ದೊಡ್ಡ ಮೇಳದಲ್ಲಿ ವಯೋಲಾ ನುಡಿಸುವವಳು. ಪಿಟೀಲಿನ ಅಕ್ಕ ಅದು. ದನಿ ದಪ್ಪ, ನೆಗಡಿಯಾದವರ ಹಾಗೆ. ಮೇಳದಲ್ಲಿ ಇಬ್ಬರಿಗೆ ಒಂದೇ ಸ್ವರದ ಪುಸ್ತಕ. ಜನರ ಕಡೆಗಿರೋ ಹೊರಗಿನ ಕುರ್ಚಿಯವರು ನಿಲ್ಲಿಸದೆ ನುಡಿಸ್ತಾರೆ, ಒಳಗಿನ ಕುರ್ಚಿಯವರು ನುಡಿಸೋದು ಬಿಟ್ಟು ಹಾಳೆ ತಿರುವಬೇಕು. ಮೊದಲ ಸಾಲಲ್ಲಿ ಹದಿನೆಂಟು ವರ್ಷ ಹಾಗೆ ತಿರುವಿದವಳು ಕಸೀಲ್ದಾ. ಬೆರಳನ್ನ ನಾಲಿಗೆಗೆ ಒತ್ತಿ... ಸರಕ್.

ಅವಳ ಪಕ್ಕದ ಮುದುಕ ನಿವೃತ್ತನಾದ. ಹೊರಗಿನ ಕುರ್ಚಿಗೆ ಪರೀಕ್ಷೆ ಇಟ್ಟರು, ಯಾರು ಅಂತ ಕಾಣದ ಹಾಗೆ ಪರದೆ ಹಿಂದೆ ಕೂತು ನುಡಿಸೋದು. ಕಸೀಲ್ದಾಗೇ ಸಿಗುತ್ತೆ ಅಂತ ಎಲ್ಲರೂ ಅಂದಿದ್ದರು. ಹನ್ನೊಂದು ಗಂಟೆಗೆ ಇದ್ದ ಪರೀಕ್ಷೆ ಒಂಬತ್ತಕ್ಕೇ ಅಂತ ಬದಲಾಯ್ತು. 'ಕಸೀಲ್ದಾಗೂ ಹೇಳಿಬಿಡಮ್ಮ' ಅಂತ ಆಫೀಸಿನವಳು ಹಿಂದಿನ ಸಾಲಿನ ಫಿದೇಲಿಯಾಗೆ ಹೇಳಿದಳು. ಆ ಆಫೀಸಿನವಳು ನನ್ನ ಸೊಸೆಯ ತಂಗಿ, ದೋನ್ಯಾ ತ್ರಾನ್ಸಿತೊ ಅಂತ ಊರೇ ಗೌರವಿಸೋ ನನಗೆ ಗೊತ್ತಿಲ್ಲವೇ. ಫಿದೇಲಿಯಾ ಅವಳಿಗೆ ಹೇಳಲೇ ಇಲ್ಲ. ಕುರ್ಚಿ ಇವಳದಾಯ್ತು. ಕಸೀಲ್ದಾ ಬಂದಾಗ ಪರದೆ ಮಡಚಿಟ್ಟಿದ್ದರು. ಚೌಕದ ಬತ್ತಿದ ಕಾರಂಜಿಯ ಕಟ್ಟೆ ಮೇಲೆ ಹೋಗಿ ಕೂತವಳು ಏಳಲೇ ಇಲ್ಲ. ಎದೆ ನಿಂತಿತು ಅಂದರು ಡಾಕ್ಟರು. ನಿಲ್ಲಿಸಿದ್ದು ಯಾರು ಅಂತೀನಿ ನಾನು.

ಹೊಸ ಕುರ್ಚಿಯಲ್ಲಿ ಮೊದಲ ಕಾರ್ಯಕ್ರಮ ಮುಗಿಸಿ ಫಿದೇಲಿಯಾ ಅದೇ ಕಾರಂಜಿ ದಾಟಿ ಬರ್ತಿದ್ದಳು. ಗಾಳಿ ಇಲ್ಲ. ಹಿಂದೆ... ಸರಕ್. ತಿರುಗಿದಳು, ಯಾರೂ ಇಲ್ಲ. ನಾಲ್ಕು ಹೆಜ್ಜೆ... ಸರಕ್. ಈ ಸಲ ಕಿವಿ ಪಕ್ಕದಲ್ಲೇ. ಒದ್ದೆ ಬೆರಳು ಕಾಗದ ಬಿಡೋ ಸದ್ದೂ ಸೇರಿ.

'ಕಸೀಲ್ದಾ?' ಅಂತ ಪಿಸುಗುಟ್ಟಿದಳಂತೆ.

'ಈಗ ಎಷ್ಟು ಗಂಟೆಯೇ?' ಅಂತು ದನಿ.

ಓಡಿದಳು. ನಮ್ಮ ಮೆಟ್ಟಿಲಲ್ಲೇ ಬಿದ್ದಳು. ಆಸ್ಪತ್ರೆಗೆ ಕರ್ಕೊಂಡು ಹೋದವಳು ನಾನು, ದಾರಿಯುದ್ದಕ್ಕೂ ಇದನ್ನೆಲ್ಲ ಒದರಿದಳು. ಎಡಗೈ ಮೂರು ಕಡೆ ಮುರಿದಿತ್ತು. ಬೆರಳ ತುದಿವರೆಗೂ ಪ್ಲಾಸ್ಟರು.

ಅದಾಗಿ ಐದು ವಾರ. ಪ್ರತಿ ರಾತ್ರಿ ಈ ಗೋಡೆಯಾಚೆ ವಯೋಲಾ... ನಡುನಡುವೆ, ಸರಕ್. ನಾನು ಮುದುಕಿ, ಕಿವುಡಿಯಲ್ಲ.

ನಿನ್ನೆ ವಯೋಲಾ ಕೇಳಿಸ್ತಿದ್ದ ಹಾಗೇ ಕೋಳಿ ಸಾರಿನ ನೆಪ ಮಾಡ್ಕೊಂಡು ಹೋದೆ. ಬಾಗಿಲು ತೆಗೆದಳು. ಎಡಗೈ ಇನ್ನೂ ಪ್ಲಾಸ್ಟರಲ್ಲೇ, ಕೊರಳಿಗೆ ಕಟ್ಟಿದೆ. ಬಲಗೈಯ ತೋರುಬೆರಳು ಒದ್ದೆ. ಒಳಗೆ ಎರಡು ಕುರ್ಚಿ, ಒಂದು ಪುಸ್ತಕ.

'ಕೈ ಹಿಂಗಿದೆ. ನುಡಿಸ್ತಿದ್ದವರು ಯಾರೇ?' ಅಂದೆ.

ಸುಳ್ಳಾದರೆ ಈ ನಾಲಿಗೆ ಬಿದ್ದುಹೋಗಲಿ, ನನ್ನ ಮುಖ ನೋಡಿಯೇ ಅಂದಳು:

'ಅದು ನನ್ನ ಕೇಳಬೇಡಿ, ದೋನ್ಯಾ ತ್ರಾನ್ಸಿತೊ. ನಾನು ಬರೀ ಹಾಳೆ ತಿರುವೋಳು.'